ಮಲ್ಲಣ್ಣನ ಮನೆಯ ಥಂಡಿ ಡಬ್ಬಿ

ಹುಮನಾಬಾದಿನ ನಮ್ಮ ಓಣಿಯಲ್ಲಿ ಈಗ ಏಸಿ, ಫ್ರಿಜ್ ರಿಪೇರಿ ಕಲಿಯುವ ಹುಡುಗಿಯರು ಇಬ್ಬರಿದ್ದಾರೆ. ಹೆಗಲಿಗೆ ಸಾಮಾನಿನ ಚೀಲ ಹಾಕಿಕೊಂಡು ಹೋಗುವಾಗ ನನ್ನನ್ನು ನೋಡಿ ನಿಲ್ಲುತ್ತಾರೆ. "ಕಲಾ ಆಂಟಿ, ಈ ಡಿಸ್ಪ್ಲೇನ ಬರವಲ್ದು, ಏನ್ ಮಾಡ್ಲಿ?" ಎಂದು ಫೋನಿನಲ್ಲಿ ಫೋಟೋ ತೋರಿಸುತ್ತಾರೆ. ಫೋಟೋ ನೋಡಿ ರೋಗ ಹೇಳುವಷ್ಟು ದೊಡ್ಡ ಡಾಕ್ಟರು ನಾನಲ್ಲ. ಆದರೂ ಅವರು ಕೇಳುವುದು ನನಗೆ ಸೇರುತ್ತದೆ. ನಿಂತು ಹೇಳಿದ್ದು ಅರ್ಧ ಕಿವಿಗೆ ಬೀಳುತ್ತದೆ, ಅರ್ಧ ಗಾಳಿಗೆ ಹೋಗುತ್ತದೆ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ನಾನು ಈ ಕೆಲಸಕ್ಕೆ ಬಂದಾಗ ಹೆಂಗಸರು ಸ್ಕ್ರೂಡ್ರೈವರ್ ಹಿಡಿಯುವುದನ್ನು ಜನ ಕಂಡಿರಲಿಲ್ಲ. ಒಂದು ಮನೆಗೆ ಹೋದಾಗ ಆ ಮನೆಯಾಕೆ ನನ್ನನ್ನು ಅಡುಗೆಮನೆಯಲ್ಲಿ ಕೂರಿಸಿ ಚಹಾ ಕೊಟ್ಟು, ತಾನು ಮಾತ್ರ ಬಾಗಿಲಿಗೂ ಬೀದಿಗೂ ತಿರುಗಾಡುತ್ತಿದ್ದಳು. ಮೆಕ್ಯಾನಿಕ್ ಬರುತ್ತಾನೆಂದು ಕಾಯುತ್ತಿದ್ದಳಂತೆ. ಚಹಾ ಮುಗಿಸಿ, ಫ್ರಿಜ್ ತಿರುಗಿಸಿ, ಕಂಪ್ರೆಸರ್ ಚಾಲೂ ಮಾಡುವ ರಿಲೇ ಸುಟ್ಟಿತ್ತು, ಅದನ್ನು ತೆಗೆದು ಬೇರೆ ಹಾಕಿದೆ. ಕಂಪ್ರೆಸರ್ ಗುಂಯ್ ಎಂದಿತು. ಆಕೆ ಓಡಿ ಬಂದು, "ಅಯ್ಯ, ಚಾಲೂ ಆತಲ್ಲ! ಮೆಕ್ಯಾನಿಕಗ ಈಗ ಏನ್ ಹೇಳ್ಲಿ?" ಎಂದಳು. "ಬ್ಯಾಡ ಅಂತ ಹೇಳ್ರಿ" ಎಂದೆ. ಇಬ್ಬರೂ ಹೊಟ್ಟೆ ಹಿಡಿದು ನಕ್ಕೆವು.

ಕೆಲಸ ಕಲಿತದ್ದು ಇಸ್ಮಾಯಿಲ್ ಉಸ್ತಾದರ ಅಂಗಡಿಯಲ್ಲಿ. ಉಸ್ತಾದರಿಗೆ ಒಂದು ಚಟವಿತ್ತು. ಯಾವ ಮನೆಗೆ ಹೋದರೂ ಮೊದಲು ನೀರು ಕುಡಿಯುವುದು, ಮನೆಯವರ ಕುಶಲ ವಿಚಾರಿಸುವುದು, ಹಿತ್ತಲು ಸುತ್ತಿ ಬರುವುದು. ಮಷಿನ್ ಕೊನೆಗೆ. ಇವರು ಯಾಕೆ ಹೀಗೆ ಹೊತ್ತು ಕಳೆಯುತ್ತಾರೆ ಎಂದು ನನಗೆ ಒಳಗೊಳಗೇ ಸಿಟ್ಟು ಬರುತ್ತಿತ್ತು. ಬೇಮಳಖೇಡಕ್ಕೆ ಹೋದ ದಿನ ಆ ಸಿಟ್ಟು ಇಳಿಯಿತು.

ಅಲ್ಲಿ ಸಿದ್ದಮ್ಮ ಎಂಬ ಹೆಣ್ಣುಮಗಳು ಕುರಿ ಸಾಕಿದ್ದಳು. ಕುರಿಗಳ ಲಸಿಕೆ ಇಡಲೆಂದೇ ಫ್ರಿಜ್ ತಂದಿದ್ದಳು. ಬೆಳಗಾದರೆ ಅದು ಬೆಚ್ಚಗೆ, ಔಷಧ ಎಲ್ಲಾ ಹಾಳು. ಬೇರೆ ಯಾರೋ ಬಂದು ಥರ್ಮೋಸ್ಟ್ಯಾಟ್ ಬದಲಿಸಿ ಹೋಗಿದ್ದರು. ನಾನೂ ಇನ್ನೊಂದು ಹೊಸ ಥರ್ಮೋಸ್ಟ್ಯಾಟ್ ಹಿಡಿದುಕೊಂಡೇ ಫ್ರಿಜ್ಜಿನ ಮುಂದೆ ಕೂತೆ. ಉಸ್ತಾದರು ಸಿದ್ದಮ್ಮನ ಮಾವನ ಜೊತೆ ಕುರಿ ನೋಡಲು ದೊಡ್ಡಿಗೆ ಹೋದರು. ನಾನು ಸ್ಕ್ರೂ ಬಿಚ್ಚುತ್ತಿರುವಾಗಲೇ ಫ್ರಿಜ್ಜಿನೊಳಗಿನ ದೀಪ ಆರಿತು. ಸ್ವಲ್ಪ ಹೊತ್ತಿಗೆ ತಾನೇ ಹತ್ತಿತು. ದೊಡ್ಡಿಯಿಂದ ಉಸ್ತಾದರ ಕೂಗು ಬಂತು: "ಕಲಾ, ಫ್ರಿಜ್ ಹೋಗಿ ಬಂತೇನು?"

ಫ್ರಿಜ್ಜಿನ ಪ್ಲಗ್ಗಿಗೆ ವೈರು ಎಳೆದಿದ್ದವನು ದೊಡ್ಡಿಯ ಬಲ್ಬಿನ ಸ್ವಿಚ್ಚಿನ ನಂತರ ಎಳೆದಿದ್ದ. ಉಸ್ತಾದರು ಆರಿಸಿ ಹಾಕಿ ನೋಡಿದ್ದು ಆ ಸ್ವಿಚ್ಚನ್ನೇ. ಮಾವ ದಿನಾ ಕತ್ತಲಾದ ಮೇಲೆ ಕುರಿಗಳಿಗೆ ನಿದ್ದೆ ಬರಲೆಂದು ಬಲ್ಬ್ ಆರಿಸುತ್ತಿದ್ದರು. ಉಸ್ತಾದರು ನಗುತ್ತಾ ಬಂದರು. "ಸಿದ್ದವ್ವ, ನಿನ್ನ ಕುರಿ ಮಲಗಿದ್ವು ಅಂದ್ರ ಫ್ರಿಜ್ ಭೀ ಮಲಗ್ತದ. ಅದಕ್ಕ ರೋಗ ಏನೂ ಇಲ್ಲ" ಎಂದರು. ನಾನು ತಂದಿದ್ದ ಥರ್ಮೋಸ್ಟ್ಯಾಟನ್ನು ಡಬ್ಬದಲ್ಲಿಟ್ಟು ಚೀಲಕ್ಕೆ ಹಾಕಿಕೊಂಡೆ.

ಆ ಕಾಲದ ಥರ್ಮೋಸ್ಟ್ಯಾಟ್ ಎಂದರೆ ಒಂದು ಗುಂಡಿ, ಒಂದು ತೆಳ್ಳನೆಯ ತಾಮ್ರದ ನಳಿಕೆ. ತಂಪಾದರೆ ಕರೆಂಟು ತಡೆಯುತ್ತಿತ್ತು, ಬೆಚ್ಚಗಾದರೆ ಬಿಡುತ್ತಿತ್ತು. ತನ್ನ ಹೊಟ್ಟೆಗೆ ಏನನ್ನೂ ಬೇಡುತ್ತಿರಲಿಲ್ಲ. ಈಗ ಬಂದಿರುವ ಸ್ಮಾರ್ಟ್ ಥರ್ಮೋಸ್ಟ್ಯಾಟ್ ಹಾಗಲ್ಲ. ಅದಕ್ಕೆ ಪರದೆ ಇದೆ, ವೈಫೈ ಇದೆ, ಫೋನಿನ ಜೊತೆ ಮಾತಿದೆ. ಇಷ್ಟೆಲ್ಲ ಮಾಡಬೇಕಾದರೆ ಅದಕ್ಕೂ ಹೊತ್ತು ಹೊತ್ತಿಗೆ ಕರೆಂಟಿನ ಊಟ ಬೇಕು. ಊಟ ಸಿಗದಿದ್ದರೆ ಪರದೆ ಕಪ್ಪಾಗುತ್ತದೆ, ಅದರ ಜೊತೆ ಇಡೀ ಏಸಿ ಸುಮ್ಮನಾಗುತ್ತದೆ. ಮಷಿನ್ ಗಟ್ಟಿಮುಟ್ಟಾಗಿರುತ್ತದೆ, ಆಜ್ಞೆ ಕೊಡುವವನೇ ಹಸಿದು ಮಲಗಿರುತ್ತಾನೆ. ಇದನ್ನು ನಾನು ಸರಿಯಾಗಿ ಕಲಿತದ್ದು ಬಸವಕಲ್ಯಾಣದ ಒಂದು ಮನೆಯಲ್ಲಿ. ಆ ಹೊತ್ತಿಗೆ ಉಸ್ತಾದರು ವಯಸ್ಸಾಗಿ ಮನೆಯಲ್ಲಿದ್ದರು, ಅಂಗಡಿಯನ್ನು ಅವರ ಮಗ ಫಯಾಜ್ ನಡೆಸುತ್ತಿದ್ದ. ನಾನು ಅಂಗಡಿಯ ಹಿರಿಯಳು. ಅವನು ನನ್ನನ್ನು ಅಕ್ಕನೆಂದು ತಿಳಿದು "ಕಲಾ ಆಪಾ" ಎಂದು ಕರೆಯುತ್ತಿದ್ದ.

ಮನೆ ಮಲ್ಲಿಕಾರ್ಜುನನದು. ಎಲ್ಲರೂ ಮಲ್ಲಣ್ಣ ಎನ್ನುತ್ತಿದ್ದರು. ಲಾರಿಗಳಿಗೆ ಬಾಡಿ ಕಟ್ಟುವ ಮೇಸ್ತ್ರಿ. ಅವನ ಕೈಕೆಳಗೆ ದೊಡ್ಡ ತಂಡವಿತ್ತು, ಅವನ ದನಿಗೆ ಇಡೀ ಶೆಡ್ ಓಡುತ್ತಿತ್ತಂತೆ. ಒಂದು ದಿನ ಲಾರಿಯ ಮೇಲಿಂದ ಜಾರಿ ಬಿದ್ದು ಕುತ್ತಿಗೆಯ ಎಲುಬಿಗೆ ಪೆಟ್ಟಾಯಿತು. ಕುತ್ತಿಗೆಯಿಂದ ಕೆಳಗೆ ಮೈ ಅವನ ಮಾತು ಕೇಳುವುದು ನಿಂತಿತು. ಅಂಥವರಿಗೆ ಮೈ ಬೆವರುವುದಿಲ್ಲ ಎಂಬುದು ನನಗೆ ಆವರೆಗೆ ಗೊತ್ತಿರಲಿಲ್ಲ. ಬೆವರಿಲ್ಲದ ಮೈ ತಣಿಯುವುದಿಲ್ಲ. ಕೋಣೆ ಬಿಸಿಯಾದಂತೆ ಮೈಯೂ ಬಿಸಿಯೇರುತ್ತದೆ. ನಮ್ಮ ಕಡೆಯ ಬೇಸಿಗೆಯಲ್ಲಿ ಅದು ಜೀವಕ್ಕೇ ಅಪಾಯ.

ಅದಕ್ಕಾಗಿ ಅವನ ಜೊತೆಗಾರರು ಸೇರಿ, ಹೈದರಾಬಾದಿನ ಯಾವುದೋ ಹಳೆಯ ಆಫೀಸಿನಿಂದ ತೆಗೆದ ಒಂದು ದೊಡ್ಡ ಏಸಿಯನ್ನು ತಂದು ಹಾಕಿಸಿಕೊಟ್ಟಿದ್ದರು. ಮಷಿನ್ ಅವನ ಕೋಣೆಗೆ ಅಂಟಿದ ಪಡಸಾಲೆಯ ಸುಳ್ಳು ಸೂರಿನ, ಅಂದರೆ ಫಾಲ್ಸ್ ಸೀಲಿಂಗಿನ ಮೇಲೆ ಕೂತಿತ್ತು. ಮಲ್ಲಣ್ಣನ ಕೋಣೆಯ ಗೋಡೆಗೆ ಹೊಸ ಸ್ಮಾರ್ಟ್ ಥರ್ಮೋಸ್ಟ್ಯಾಟ್. ಮನೆಯವರು ಅದನ್ನು ಥಂಡಿ ಡಬ್ಬಿ ಎನ್ನುತ್ತಿದ್ದರು. ಮಂಚದ ತಲೆಯ ಹತ್ತಿರ ಒಂದು ಫೋನು ಸಿಕ್ಕಿಸಿತ್ತು. ಮಲ್ಲಣ್ಣ ಬಾಯಿಂದ ಹೇಳಿದರೆ ಫೋನು ಡಬ್ಬಿಗೆ ಹೇಳುತ್ತಿತ್ತು, ಡಬ್ಬಿ ಮಷಿನ್ನಿಗೆ ಹೇಳುತ್ತಿತ್ತು. ನಮ್ಮ ಕಡೆಯ ಮಾತು ಮಾತ್ರ ಫೋನಿಗೆ ತಿಳಿಯುತ್ತಿರಲಿಲ್ಲ. "ಜರಾ ಥಂಡ ಮಾಡಲೇ" ಎಂದರೆ ತಂಪು ಪಾನೀಯದ ಅಂಗಡಿಗಳನ್ನು ತೋರಿಸುತ್ತಿತ್ತು. ಅವನು ಸೋತು ಹಿಂದಿಯಲ್ಲಿ ಹೇಳುವುದನ್ನು ಕಲಿತಿದ್ದ.

ನಾನು ಮೊದಲ ಸಲ ಹೋದದ್ದು ಸುಡು ಬೇಸಿಗೆಯ ಮಧ್ಯಾಹ್ನ. ದಿನಾ ಅದೇ ಹೊತ್ತಿಗೆ ಪರದೆ ಕಪ್ಪಾಗುತ್ತದೆ ಎಂದು ಕರೆ ಬಂದಿತ್ತು. ಮಲ್ಲಣ್ಣನ ಹೆಂಡತಿ ಸುಲೋಚನಾ ಒದ್ದೆ ಟವೆಲುಗಳನ್ನು ಹಿಂಡಿ ಹಿಂಡಿ ಅವನ ಮೈಮೇಲೆ ಹಾಕುತ್ತಿದ್ದಳು. ಅವನ ಮುಖ ಕೆಂಪಾಗಿತ್ತು, ತುಟಿ ಒಣಗಿತ್ತು. ನನ್ನನ್ನು ಕಂಡು, ಹೆಂಗಸರನ್ನು ಮರ್ಯಾದೆಗೆ ಕರೆಯುವಂತೆ "ಬಾಯಿ" ಎಂದು ಕರೆದು ಹೇಳಿದ:

"ಬರ್ರಿ ಬಾಯಿ, ಬರೋಬರಿ ಊಟದ ಟೈಮಿಗೆ ಬಂದೀರಿ. ಅಡಗಿ ಆಗ್ಯಾದ. ನಾನೇ ಬೆಂದೀನಿ."

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಈ ಕೆಲಸಕ್ಕೆ ಬರುವವರು ಇಲ್ಲಿ ಒಂದು ಮಾತು ನೆನಪಿಡಬೇಕು. ಅಂಥ ಮನೆಯಲ್ಲಿ ಮೀಟರ್ ತೆಗೆದು ದೋಷ ಹುಡುಕುತ್ತಾ ಕೂರಬಾರದು. ಮೊದಲು ಮನುಷ್ಯನಿಗೆ ತಂಪು. ನಾನು ಮೇನ್ ಆರಿಸಿ, ಡಬ್ಬಿಯನ್ನು ಗೋಡೆಯಿಂದ ಕಳಚಿ, ಮಷಿನ್ ಓಡಿಸುವ ಎರಡು ವೈರುಗಳನ್ನು ನೇರವಾಗಿ ಸೇರಿಸಿ ಮತ್ತೆ ಮೇನ್ ಹಾಕಿದೆ. ಮೇಲೆ ಫ್ಯಾನು ತಿರುಗಿತು, ತಣ್ಣನೆಯ ಗಾಳಿ ಇಳಿಯಿತು. ಸುಲೋಚನಾ ಟವೆಲು ಕೈಯಲ್ಲಿ ಹಿಡಿದೇ ನೆಲದ ಮೇಲೆ ಕೂತುಬಿಟ್ಟಳು. ಅವನ ಮುಖದ ಕೆಂಪು ಇಳಿದ ಮೇಲೆ ನಾನು ನಿಧಾನವಾಗಿ ಹುಡುಕತೊಡಗಿದೆ.

ಡಬ್ಬಿಗೆ ನಾಲ್ಕೇ ವೈರು ಬಂದಿದ್ದವು. ಅದರ ಊಟಕ್ಕೆ ಬೇಕಾದ ಐದನೆಯ ವೈರು, ಕಾಮನ್ ಎನ್ನುತ್ತೇವಲ್ಲ, ಅದು ಇರಲಿಲ್ಲ. ಅದಿಲ್ಲದಿದ್ದರೂ ಡಬ್ಬಿ ಒಂದಷ್ಟು ದಿನ ನಡೆಯುತ್ತದೆ. ಮಷಿನ್ ನಿಂತಿರುವ ಹೊತ್ತಿನಲ್ಲಿ ಅದರ ದಾರಿಯಿಂದಲೇ ಸ್ವಲ್ಪ ಕರೆಂಟು ಕದ್ದು ತನ್ನ ಬ್ಯಾಟರಿ ತುಂಬಿಕೊಳ್ಳುತ್ತದೆ. ಚಳಿಗಾಲದಲ್ಲಿ ಮಷಿನ್ ಆಗಾಗ ನಿಲ್ಲುತ್ತದೆ, ಕಳ್ಳತನ ಸಾಗುತ್ತದೆ. ಬೇಸಿಗೆಯಲ್ಲಿ ಮಷಿನ್ ಬೆಳಗಿನಿಂದ ನಿಲ್ಲುವುದೇ ಇಲ್ಲ. ಮಧ್ಯಾಹ್ನದ ಹೊತ್ತಿಗೆ ಬ್ಯಾಟರಿ ಬರಿದಾಗಿ ಡಬ್ಬಿ ಕಣ್ಣು ಮುಚ್ಚುತ್ತಿತ್ತು. ತಂಪು ಎಲ್ಲಕ್ಕಿಂತ ಹೆಚ್ಚು ಬೇಕಾದ ಹೊತ್ತಿಗೇ ಅದು ಕೈಕೊಡುತ್ತಿದ್ದದ್ದು ಹೀಗೆ.

ಗೋಡೆಯ ತೂತಿನಲ್ಲಿ ಬೆರಳು ಹಾಕಿ ನೋಡಿದೆ. ಐದನೆಯ ವೈರು ಅಲ್ಲೇ ಇತ್ತು! ಹಾಕಿದವರು ಅದನ್ನು ಸುರುಳಿ ಸುತ್ತಿ ಒಳಗೆ ತುರುಕಿದ್ದರು. ಸೂರಿನ ಮೇಲಿನ ತುದಿಯೂ ಹಾಗೇ ಬರಿದಾಗಿ ನೇತಾಡುತ್ತಿತ್ತು. ಮೇನ್ ಆರಿಸಿ ಎರಡೂ ಕಡೆ ಜೋಡಿಸಿ, ನೇರ ಸೇರಿಸಿದ್ದ ವೈರು ಬಿಡಿಸಿ, ಡಬ್ಬಿಯನ್ನು ಮತ್ತೆ ಗೋಡೆಗೆ ಸಿಕ್ಕಿಸಿ ಮೇನ್ ಹಾಕಿದೆ. ಪರದೆ ಬೆಳಗಿತು. ಮಲ್ಲಣ್ಣ ಗಂಟಲು ಸರಿಮಾಡಿಕೊಂಡು, ಸಭೆಯಲ್ಲಿ ಮಾತಾಡುವವನಂತೆ ಫೋನಿಗೆ ಆಜ್ಞೆ ಕೊಟ್ಟ. ಮೇಲೆ ಮಷಿನ್ ಹೂಂಗುಟ್ಟಿತು.

"ಕೇಳ್ದ್ರೇನ್ರಿ ಬಾಯಿ? ನನ್ನ ಮಾತು ಕೇಳೋದು ಈ ಮನ್ಯಾಗ ಅದೊಂದೇ" ಎಂದು ಹೆಂಡತಿಯ ಕಡೆ ನೋಡಿದ. ಸುಲೋಚನಾ ಒದ್ದೆ ಟವೆಲು ಅವನ ಮುಖದ ಮೇಲೆ ಎಸೆದು, ನನ್ನನ್ನು ಬಿಡದೆ ರೊಟ್ಟಿ, ಪುಂಡಿಪಲ್ಯ ಉಣ್ಣಿಸಿ ಕಳಿಸಿದಳು.

ಮಳೆಗಾಲ ಹಿಡಿಯಿತು. ನಮ್ಮ ಕಡೆ ಮೊದಲ ಮಳೆಗಳ ನಡುವಿನ ಬಿಸಿಲು ಬಲು ಕೆಟ್ಟದ್ದು, ಮೈಯೆಲ್ಲ ಜಿಗಿಜಿಗಿ. ಸುಲೋಚನಾಳ ಫೋನು ಮತ್ತೆ ಬಂತು. ಮಧ್ಯಾಹ್ನ ಡಬ್ಬಿ ಕಪ್ಪಾಗುತ್ತದೆ, ಸಂಜೆ ತಾನಾಗಿ ಬರುತ್ತದೆ. ಲಕ್ಷಣ ಅದೇ. ನಾನು ಜೋಡಿಸಿದ ವೈರೇ ಸಡಿಲಾಗಿರಬೇಕೆಂದು ಬಸ್ಸು ಹಿಡಿದು ಹೋದೆ. ನಾನು ಮುಟ್ಟುವ ಹೊತ್ತಿಗೆ ಪರದೆ ಚೆನ್ನಾಗಿ ಉರಿಯುತ್ತಿತ್ತು. ವೈರು ಗಟ್ಟಿ. ಮೀಟರ್ ಹಿಡಿದರೆ ಕರೆಂಟು ಬರೋಬರಿ. ತಪ್ಪು ಇಲ್ಲದ ಕಡೆ ಏನು ರಿಪೇರಿ ಮಾಡುವುದು? ಅನುಮಾನಕ್ಕೆ ಫ್ಯೂಜ್ ಬದಲಿಸಿ ಬಂದೆ. ಮರುದಿನ ಮತ್ತೆ ಕರೆ. ಹೋಗಿ ಟ್ರಾನ್ಸ್‌ಫಾರ್ಮರ್ ಬದಲಿಸಿದೆ. ಮತ್ತೆ ಕರೆ. ಕೊನೆಗೆ ಫಯಾಜನೇ ಹೊಸ ಡಬ್ಬಿ ತಂದು ಹಾಕಿದ. ಅದೂ ಮರುದಿನ ಮಧ್ಯಾಹ್ನ ಕಣ್ಣು ಮುಚ್ಚಿತು. ನಾವು ಹುಮನಾಬಾದಿನಿಂದ ಹೋಗಿ ಮುಟ್ಟುವುದರೊಳಗೆ ಕಣ್ಣು ತೆರೆದು ನಮ್ಮನ್ನೇ ನೋಡುತ್ತಿತ್ತು.

ಫಯಾಜ್ ತಲೆಗೆ ಕೈ ಹಚ್ಚಿದ. "ಆಪಾ, ಈ ಮನಿ ಮ್ಯಾಲ ಯಾರದೋ ನಜರ್ ಬಿದ್ದದ. ಮೆಕ್ಯಾನಿಕನ ಕೆಲಸ ಅಲ್ಲ ಇದು."

ನನಗೆ ಚಿಂತೆ ಹತ್ತಿದ್ದು ಡಬ್ಬಿಯದಲ್ಲ. ಮಲ್ಲಣ್ಣ ಚೇಷ್ಟೆಯ ಮಾತು ನಿಲ್ಲಿಸಿದ್ದ. ನಾನು ಹೋದಾಗ ಗೋಡೆಯ ಕಡೆ ನೋಡುತ್ತಾ ಮಲಗಿದ್ದ. ಹೆಂಡತಿಗೆ ಹೇಳಿದ: "ಸಾಕು ಸುಲೂ, ಇದನ್ನ ತೆಗಸಿಬಿಡು. ಒಂದು ಕೂಲರ್ ತರಸು. ನೀನೇ ಸ್ವಿಚ್ ಹಾಕು, ನೀನೇ ತೆಗಿ."

ಅವಳು ನನ್ನನ್ನು ಪಡಸಾಲೆಗೆ ಕರೆದು ದನಿ ತಗ್ಗಿಸಿ ಹೇಳಿದಳು: "ಅಕ್ಕಾ, ಅವರಿಗೆ ಉಣಸೋದು ನಾ, ಮಗ್ಗಲು ಹೊಳ್ಳಸೋದು ನಾ, ನೊಣ ಹೊಡಿಯೋದು ಭೀ ನಾನೇ. ದಿನದಾಗ ಅವರು ತಾವಾಗೆ ಮಾಡೋದು ಅಂದ್ರ ಇದೊಂದೇ. ಇದು ಭೀ ಹೋದ್ರ ಅವರು ಮಾತೇ ಬಿಡ್ತಾರ. ಹ್ಯಾಂಗರ ಮಾಡಿ ಸರಿ ಮಾಡ್ರಿ."

ಅದರ ಮರುದಿನ ನಾನು ಬೆಳಗಿನ ಬಸ್ಸಿಗೇ ಹೋದೆ. ಡಬ್ಬಿ ಕಪ್ಪಾಗುವುದನ್ನು ಕಣ್ಣಾರೆ ನೋಡುವವರೆಗೂ ಏಳುವುದಿಲ್ಲವೆಂದು ಮಲ್ಲಣ್ಣನ ಮಂಚದ ಪಕ್ಕ ಕುರ್ಚಿ ಹಾಕಿಕೊಂಡು ಕೂತೆ. ಅಷ್ಟು ಸಲ ಆ ಮನೆಗೆ ಹೋಗಿದ್ದರೂ ನಾನು ಅವನ ಪಕ್ಕ ಕೂತಿರಲಿಲ್ಲ. ನನ್ನ ಕೆಲಸ ಏಣಿಯ ಮೇಲೆ, ನನ್ನ ಮಾತು ಸುಲೋಚನಾಳ ಜೊತೆ. ಮಧ್ಯಾಹ್ನವಾಗುತ್ತಾ ಬಂತು. ಸುಮ್ಮನೆ ಎಷ್ಟು ಹೊತ್ತು ಕೂರುವುದು? ಮಾತಿಗೆಂದು ಕೇಳಿದೆ:

"ಮಲ್ಲಣ್ಣ, ಇದು ಬಂದ್ ಆಗೋಕ ಮುಂಚೆ ನಿಮಗ ಏನರ ಗೊತ್ತಾಗ್ತದೇನು?"

"ಗೊತ್ತಾಗ್ತದಲ್ರಿ" ಎಂದ, ಅದರಲ್ಲೇನು ಎಂಬಂತೆ. "ಮೊದಲ ಮ್ಯಾಲೆ ನೀರು ಥಳಕ್ ಥಳಕ್ ಅಂತದ, ತುಂಬಿದ ಕೊಡ ಅಲುಗಾಡಿದಂಗ. ಆಮ್ಯಾಲ ಒಂದು ಟಿಕ್ ಅಂತದ. ಆ ಟಿಕ್ ಆತೋ, ಡಬ್ಬಿ ಖಲಾಸ್."

ನಾನು ಕುರ್ಚಿಯಿಂದ ಎದ್ದು ನಿಂತೆ. "ಇಷ್ಟು ದಿನ ಯಾಕ ಹೇಳಲಿಲ್ರಿ?"

"ಯಾರು ಕೇಳ್ಯಾರ್ರಿ ನನಗ? ಬಂದವರೆಲ್ಲಾ ಸುಲೋಚನಾಗ ಕೇಳ್ತೀರಿ. ಅಕಿ ಪಾಪ ಅಡಗಿಮನ್ಯಾಗ ಇರ್ತಾಳ, ಅಕಿಗೇನ್ ಗೊತ್ತು? ಇಡೀ ದಿನ ಸೂರು ನೋಡೋ ಡ್ಯೂಟಿ ನಂದದ."

ನೀರು ಎಂದ ಕೂಡಲೇ ನನಗೆ ಹೊಳೆಯಿತು. ಏಸಿ ಗಾಳಿಯಲ್ಲಿನ ತೇವವನ್ನು ಹಿಂಡಿ ನೀರು ಮಾಡುತ್ತದೆ. ಆ ನೀರು ಮಷಿನ್ನಿನ ಕೆಳಗಿನ ತಟ್ಟೆಗೆ ಬಿದ್ದು ಪೈಪಿನಿಂದ ಹೊರಗೆ ಹೋಗಬೇಕು. ಒಂದು ವೇಳೆ ತಟ್ಟೆ ತುಂಬಿದರೆ ಸೂರು ಹಾಳಾಗದಿರಲೆಂದು ಒಂದು ತೇಲುವ ಸ್ವಿಚ್ ಇಟ್ಟಿರುತ್ತಾರೆ. ನೀರಿನ ಟ್ಯಾಂಕಿನ ಬಾಲ್ ಇದ್ದ ಹಾಗೆ ಅದು ಮೇಲೆದ್ದರೆ ಕರೆಂಟು ಕಡಿಯುತ್ತದೆ. ಈ ಮಷಿನ್ನಿನಲ್ಲಿ ಡಬ್ಬಿಗೆ ಹೋಗುವ ಕರೆಂಟೂ ಆ ಸ್ವಿಚ್ಚನ್ನು ದಾಟಿಯೇ ಹೋಗುತ್ತಿತ್ತು. ಬೇಸಿಗೆಯ ಒಣ ಗಾಳಿಯಲ್ಲಿ ನೀರು ಕಡಿಮೆ, ತೊಂದರೆ ಇರಲಿಲ್ಲ. ಮಳೆಗಾಲದ ಗಾಳಿಯಲ್ಲಿ ನೀರೇ ನೀರು.

ಏಣಿ ಹಾಕಿ ಸೂರಿನ ಮುಚ್ಚಳ ತೆಗೆದೆ. ತಟ್ಟೆ ಅಂಚಿನವರೆಗೆ ತುಂಬುತ್ತಾ ಬಂದಿತ್ತು. ನಾನು ಟಾರ್ಚ್ ಹಿಡಿದು ನೋಡುತ್ತಿರುವಾಗಲೇ ಸ್ವಿಚ್ಚು ಟಿಕ್ ಎಂದಿತು. ಕೆಳಗಿನಿಂದ ಮಲ್ಲಣ್ಣ ಕೂಗಿದ: "ಹೋತು ನೋಡ್ರಿ! ನಾ ಹೇಳಲಿಲ್ಲೇನು?" ಪರದೆ ಕಪ್ಪಾದದ್ದಕ್ಕೆ ಆ ಮನೆಯಲ್ಲಿ ಯಾರಾದರೂ ಖುಷಿಪಟ್ಟದ್ದು ಅದೇ ಮೊದಲು.

ಪೈಪಿನ ಇನ್ನೊಂದು ತುದಿ ಮನೆಯ ಹಿಂದಿನ ಗೋಡೆಯಲ್ಲಿತ್ತು. ಹೋಗಿ ನೋಡಿದರೆ ಅದರ ಬಾಯಿಗೆ ಒಂದು ಕಡಜ ಚೆಂದವಾಗಿ ಮಣ್ಣಿನ ಗೂಡು ಕಟ್ಟಿಕೊಂಡಿತ್ತು. ಬೇಸಿಗೆಯಲ್ಲಿ ಪೈಪು ಒಣಗಿದ್ದಾಗ ಒಳ್ಳೆಯ ಮನೆ ಸಿಕ್ಕಿತೆಂದು ಸೇರಿಕೊಂಡಿರಬೇಕು. ಗೂಡಿನ ಸಂದಿಯಿಂದ ನೀರು ಹನಿಹನಿಯಾಗಿ ಸೋರುತ್ತಿತ್ತು. ಮಷಿನ್ ನಿಂತ ಮೇಲೆ ತಟ್ಟೆಯ ನೀರು ಸಂಜೆಯವರೆಗೆ ಹಾಗೇ ನಿಧಾನವಾಗಿ ಇಳಿಯುತ್ತಿತ್ತು, ಸ್ವಿಚ್ಚು ಕೆಳಗೆ ಬೀಳುತ್ತಿತ್ತು, ನಾವು ಬರುವಷ್ಟರಲ್ಲಿ ಡಬ್ಬಿ ಉರಿಯುತ್ತಿತ್ತು. ಫಯಾಜ್ ಹೇಳಿದ ನಜರ್, ಆ ಕೆಟ್ಟ ದೃಷ್ಟಿ, ಒಂದು ಹುಳದ್ದಾಗಿತ್ತು!

ಗೂಡಿನಲ್ಲಿ ಕಡಜ ಇರಲಿಲ್ಲ. ಸುಲೋಚನಾ ಒಂದು ಗಟ್ಟಿ ತಂತಿ ತಂದುಕೊಟ್ಟಳು. ಪೈಪಿನ ಬಾಯಿಗೆ ಮುಖ ಹತ್ತಿರ ತಂದು ಚುಚ್ಚಿದೆ. ಅದು ಬುದ್ಧಿವಂತರು ಮಾಡುವ ಕೆಲಸವಲ್ಲ. ತಡೆದಿದ್ದ ನೀರೆಲ್ಲ ಮಣ್ಣಿನ ಸಮೇತ ನನ್ನ ಮುಖಕ್ಕೇ ಬಂತು. ಕೆಸರು ಮೆತ್ತಿದ ಮುಖದಲ್ಲೇ ಒಳಗೆ ಬಂದಾಗ ಡಬ್ಬಿ ಬೆಳಗಿತ್ತು. ಮಲ್ಲಣ್ಣ ನನ್ನನ್ನು ನೋಡಿ ನಗತೊಡಗಿದ, ನಿಲ್ಲಿಸಲಾಗದೆ ಕಣ್ಣಲ್ಲಿ ನೀರು ಬಂತು, ಸುಲೋಚನಾ ತಾನೂ ನಗುತ್ತಾ ಅದನ್ನು ಒರೆಸಿದಳು. ಪೈಪಿನ ಬಾಯಿಗೆ ಸಣ್ಣ ಜಾಲರಿ ಕಟ್ಟಿ, ಅವತ್ತು ಸಂಜೆಯವರೆಗೂ ಅಲ್ಲೇ ಕೂತೆ. ಡಬ್ಬಿ ಒಮ್ಮೆಯೂ ಕಣ್ಣು ಮಿಟುಕಿಸಲಿಲ್ಲ.

ಬಸ್ಸಿನಲ್ಲಿ ವಾಪಸು ಬರುವಾಗ ಒಂದು ಯೋಚನೆ ಬಂತು. ನಮ್ಮ ಅಂಗಡಿಯ ದೊಡ್ಡ ತ್ರಾಸ ಯಾವುದು? ಗಿರಾಕಿ ಫೋನು ಮಾಡಿ "ಮಷಿನ್ ಸತ್ತದ, ಬರ್ರಿ" ಎನ್ನುತ್ತಾರೆ. ಫಯಾಜ್ ವಿಳಾಸ ಕೇಳಿ ಇಟ್ಟುಬಿಡುತ್ತಾನೆ. ನಾವು ಏನೂ ತಿಳಿಯದೆ ಹೋಗುತ್ತೇವೆ. ಸದ್ದು ಏನಾಯಿತು, ಯಾವ ಹೊತ್ತಿಗಾಯಿತು, ಮೊದಲು ಏನು ನಿಂತಿತು ಎಂದು ಸಾವಧಾನವಾಗಿ ಕೇಳುವವರು ಯಾರೂ ಇಲ್ಲ. ಮಷಿನ್ನಿನ ಸದ್ದಿಗೆ ಕಿವಿ ಕೊಡುವ, ಲಾರಿಯ ಕೆಲಸ ಮಾಡಿ ಕಬ್ಬಿಣ ಬಲ್ಲ, ಮಾತಿನಲ್ಲಿ ಗಟ್ಟಿಗ ಒಬ್ಬ ಮನುಷ್ಯ ಬಸವಕಲ್ಯಾಣದಲ್ಲಿ ಸೂರು ನೋಡುತ್ತಾ ಮಲಗಿದ್ದಾನೆ.

ಅಂಗಡಿಯ ಫೋನು ಎತ್ತುವ ಕೆಲಸ ಮಲ್ಲಣ್ಣನಿಗೆ ಕೊಡೋಣವೆಂದು ಫಯಾಜನಿಗೆ ಹೇಳಿದೆ. ಅವನು ಹಿಂಜರಿದ. "ಅವರಿಗೆ ತ್ರಾಸ ಆಗಂಗಿಲ್ಲೇನು ಆಪಾ? ಗಿರಾಕಿ ಬೈತಾರ, ಚೀರ್ತಾರ."

"ಲಾರಿ ಮಾಲಕರ ಬೈಗುಳ ತಿಂದ ಮನುಷ್ಯ ಅವ. ನೀನೇ ಕೇಳಿ ನೋಡಲ್ಲ" ಎಂದೆ.

ಇಬ್ಬರೂ ಹೋದೆವು. ಫಯಾಜ್ ಮಂಚದ ಪಕ್ಕ ಕೂತು ಬಹಳ ಮರ್ಯಾದೆಯಿಂದ ಕೇಳಿದ. ಅಂಗಡಿಗೆ ಬರುವ ಫೋನುಗಳೆಲ್ಲ ಇವನ ಫೋನಿಗೆ ಬರುತ್ತವೆ, ಬಾಯಿಂದ ಹೇಳಿಯೇ ಎತ್ತಬಹುದು, ವಿಚಾರಿಸಿ ನಮಗೆ ತಿಳಿಸಬೇಕು, ತಿಂಗಳಿಗೆ ಪಗಾರ. ಮಲ್ಲಣ್ಣನಿಗೆ ಬೇಸರವಾಯಿತೋ ಏನೋ ಎಂದು ನಾನು ಹೆದರಿದೆ. ಅವನು ಹೆಂಡತಿಯನ್ನು ಕರೆದ.

"ಸುಲೂ, ಹಜಾಮಗ ಬರಾಕ ಹೇಳು. ದಾಡಿ ಮಾಡಸ್ಬೇಕು."

"ಈಗ ಯಾಕ?"

"ಕೆಲಸಕ್ಕ ಹೋಗಾವ ನಾನು. ಹಿಂಗ ಹೋಗ್ಲೇನು?"

ಸುಲೋಚನಾ ಬಾಗಿಲ ಹಿಂದೆ ಸರಿದು ಸೆರಗಿನಿಂದ ಮುಖ ಮುಚ್ಚಿಕೊಂಡಳು. ಫಯಾಜ್ ಸುಮ್ಮನೆ ತನ್ನ ಫೋನು ನೋಡತೊಡಗಿದ.

ಅವನು ಕೆಲಸ ಶುರು ಮಾಡಿದ ಬೆಳಿಗ್ಗೆ ನಾನು ಪಕ್ಕದಲ್ಲಿದ್ದೆ, ಎಲ್ಲಾದರೂ ತೊಡಕಾದರೆ ಹೇಳಿಕೊಡಲೆಂದು. ದಾಡಿ ಮಾಡಿಸಿ, ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟಿದ್ದ. ಕೋಣೆ ತಂಪಾಗಿತ್ತು. ಮೊದಲ ಫೋನು ಕೊಡಂಬಲದಿಂದ, ಹಾಲಿನ ವ್ಯಾಪಾರದ ಒಬ್ಬ ಗೃಹಸ್ಥ. ಫ್ರಿಜ್ ನಿಂತಿದೆ, ಹಾಲು ಒಡೆಯುತ್ತದೆ ಎಂದು ಚೀರುತ್ತಿದ್ದ. ಮಲ್ಲಣ್ಣ ಅವನನ್ನು ಚೀರಲು ಬಿಟ್ಟ. ದನಿ ಇಳಿದ ಮೇಲೆ ಒಂದೊಂದೇ ಕೇಳಿದ. ಒಳಗಿನ ದೀಪ ಹತ್ತುತ್ತದೆಯೇ? ಹಿಂದುಗಡೆ ಸದ್ದು ಬಂದು ನಿಲ್ಲುತ್ತದೆಯೋ, ಬರುವುದೇ ಇಲ್ಲವೋ? ಮುಟ್ಟಿದರೆ ಬಿಸಿ ಇದೆಯೇ? ಮನೆಯಲ್ಲಿ ಇಡೀ ದಿನ ಅದರ ಹತ್ತಿರ ಇರುವವರು ಯಾರು, ಅವರ ಕೈಗೆ ಫೋನು ಕೊಡಿ. ಆ ಕಡೆ ಒಬ್ಬ ಅಜ್ಜಿ ಬಂದಳು. ಆಕೆ ಹೇಳಿದ್ದನ್ನೆಲ್ಲ ಕೇಳಿ, ನನ್ನ ಕಡೆ ತಿರುಗಿ ಮೆಲ್ಲಗೆ, "ದೀಪ ಅದ, ಸದ್ದು ಬಂದು ಟಿಕ್ ಅಂತ ನಿಂದರ್ತದ, ಬಿಸಿ ಭೀ ಅದ. ರಿಲೇ ಒಯ್ರಿ" ಎಂದ.

ಗೃಹಸ್ಥ ಮತ್ತೆ ಫೋನಿಗೆ ಬಂದ. "ಇಷ್ಟೆಲ್ಲಾ ಬರೋಬರಿ ಕೇಳಾಕತ್ತೀರಿ, ನೀವೇ ಬಂದುಬಿಡ್ರಿ ಸಾಹೇಬ್ರ. ಬ್ಯಾರೆದವರನ್ನ ಕಳಸಬ್ಯಾಡ್ರಿ."

ಮಲ್ಲಣ್ಣ ಸೂರಿನ ಕಡೆ ನೋಡಿದ, ಆಮೇಲೆ ನನ್ನ ಕಡೆ. ಶೆಡ್ಡಿನಲ್ಲಿ ಎಲ್ಲರನ್ನೂ ಓಡಿಸುತ್ತಿದ್ದ ಆ ದನಿ ಹೇಗಿತ್ತೆಂದು ನನಗೆ ಅವತ್ತು ಗೊತ್ತಾಯಿತು.

"ನಾ ಬರಂಗಿಲ್ರಿ" ಎಂದ. "ನನ್ನ ಮಂದಿ ಬರ್ತಾರ."

ನಾನು ಚೀಲ ಎತ್ತಿಕೊಂಡು ಬಸ್‌ಸ್ಟ್ಯಾಂಡಿನ ಕಡೆ ಹೊರಟೆ.